ಥಿಕ್‌ನೆಸ್ ಪ್ಲೇನರ್‌ಗೆ ಡಿಜಿಟಲ್ ಗೇಜ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇವೆ. ಥಿಕ್‌ನೆಸ್ ಪ್ಲೇನರ್ ಎಂದರೆ ಹಲಗೆಯನ್ನು ಬೇಕಾದ ದಪ್ಪಕ್ಕೆ ಹೆರೆದು ಕೊಡುವ ಯಂತ್ರ. ಅಳತೆಗಳೆಲ್ಲ ಮಿಲಿಮೀಟರ್‌ನಲ್ಲಿವೆ. ಕೂರಿಸುವ ಕೆಲಸಕ್ಕೆ ಕೈ ಹಾಕುವ ಮೊದಲು ಪ್ಲೇನರ್‌ನ ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು.

## ಕೊಳ್ಳುವ ಮುನ್ನ

ಪ್ಲೇನರ್‌ನಲ್ಲೇ ಸ್ಕೇಲ್ ಇದೆಯಲ್ಲ, ಮತ್ತೆ ಡಿಜಿಟಲ್ ಯಾಕೆ?

ಯಂತ್ರದ ಜೊತೆ ಬರುವ ಸ್ಕೇಲ್‌ನ ಮುಳ್ಳು ಗೆರೆಗಳಿಗೆ ತಾಗಿಕೊಂಡಿರುವುದಿಲ್ಲ, ಎರಡು ಮೂರು ಮಿ.ಮೀ. ಮುಂದಕ್ಕಿರುತ್ತದೆ. ಮುಳ್ಳು 3 ಮಿ.ಮೀ. ದೂರದಲ್ಲಿದ್ದು, ನೀವು 10 ಡಿಗ್ರಿ ಮೇಲಿನಿಂದ ಬಗ್ಗಿ ನೋಡಿದರೆ ಓದುವುದರಲ್ಲೇ ಅರ್ಧ ಮಿ.ಮೀ. ವ್ಯತ್ಯಾಸ ಬರುತ್ತದೆ. ಕೆಲಸ ಮಾಡುವಾಗ ಎಲ್ಲರೂ ನಿಂತುಕೊಂಡು ಮೇಲಿನಿಂದಲೇ ನೋಡುವುದು.

ಆದರೆ ಡಿಜಿಟಲ್ ಗೇಜ್‌ನ ನಿಜವಾದ ಲಾಭ ಬೇರೆ ಇದೆ. ಹಿಂದೆ ಹಿಡಿದ ದಪ್ಪಕ್ಕೆ ಮರಳಿ ಬರುವುದು. ಹದಿನೆಂಟು ಹಲಗೆ 18.6ಕ್ಕೆ ತೆಗೆದಿದ್ದೀರಿ, ಮರುದಿನ ಒಂದು ಸೀಳಿತು ಎಂದುಕೊಳ್ಳಿ. ಹೊಸ ಹಲಗೆಯನ್ನು ಅದೇ 18.6ಕ್ಕೆ ತರಲು ಗೆರೆ ಸ್ಕೇಲ್‌ನಲ್ಲಿ ನಾಲ್ಕೈದು ಸಲ ತೆಗೆದು ಅಳೆಯಬೇಕಾಗುತ್ತದೆ. ಗೇಜ್ ಇದ್ದರೆ ಒಂದೇ ಸಲಕ್ಕೆ ಹತ್ತಿರ ಬರುತ್ತೀರಿ.

ಇದನ್ನ ಹಾಕಿದ್ರೆ 0.01 ಮಿ.ಮೀ. ಲೆಕ್ಕದಲ್ಲಿ ಹಲಗೆ ಸಿಗುತ್ತಾ?

ಸಿಗುವುದಿಲ್ಲ. ಪರದೆಯಲ್ಲಿ ಎರಡನೇ ದಶಮಾಂಶ ಕಂಡ ಮಾತ್ರಕ್ಕೆ ಆ ನಿಖರತೆ ಬರುವುದಿಲ್ಲ. 150 ಮಿ.ಮೀ. ಸ್ಕೇಲ್‌ಗಳ ಸ್ವಂತ ತಪ್ಪೇ ಸಾಮಾನ್ಯವಾಗಿ 0.03ರ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ ಸ್ಕ್ರೂಗಳ ಪ್ಲೇ (ಸಡಿಲ), ರೋಲರ್ ಸ್ಪ್ರಿಂಗ್‌ಗಳ ಒತ್ತಡ, ಬ್ಲೇಡಿನ ಹರಿತ ಎಲ್ಲವೂ ಸೇರಿಕೊಳ್ಳುತ್ತವೆ. ಒಳ್ಳೆಯ ಸ್ಥಿತಿಯಲ್ಲಿರುವ ಯಂತ್ರದಲ್ಲಿ 0.1 ಮಿ.ಮೀ. ಒಳಗೆ ಮರಳಿ ಬರುವುದು ಖಂಡಿತ ಸಾಧ್ಯ. ಎಚ್ಚರದಿಂದ ಹೊಂದಿಸಿದರೆ 0.05. ಅದು ತಲೆಗೂದಲಿನ ದಪ್ಪ, ಮರಗೆಲಸಕ್ಕೆ ಬೇಕಾದಷ್ಟಾಯಿತು.

ಮರವೂ ಸುಮ್ಮನಿರುವುದಿಲ್ಲ. 20 ಮಿ.ಮೀ. ಹಲಗೆಯ ತೇವಾಂಶ ಶೇ. 2ರಷ್ಟು ಬದಲಾದರೆ ದಪ್ಪ ಸುಮಾರು 0.05ರಿಂದ 0.1 ಮಿ.ಮೀ. ಹೆಚ್ಚುಕಮ್ಮಿಯಾಗುತ್ತದೆ. ಬೆಳಿಗ್ಗೆ ಸಿಕ್ಕ ನೂರನೇ ಒಂದು ಭಾಗವನ್ನು ಸಂಜೆಯ ಹವೆ ನುಂಗಿಹಾಕುತ್ತದೆ.

ಎಂಥ ಸ್ಕೇಲ್ ತಗೋಬೇಕು? ಎಷ್ಟು ಉದ್ದದ್ದು?

ಪ್ಲೇನರ್‌ಗೆಂದೇ ಬ್ರಾಕೆಟ್ ಸಮೇತ ಬರುವ ಕಿಟ್‌ಗಳಿವೆ. ಇಲ್ಲವಾದರೆ ಮಿಲ್ಲಿಂಗ್ ಮಷೀನ್‌ಗೆ ಹಾಕುವ ಲಂಬ ಮಾದರಿಯ ಡಿಜಿಟಲ್ ಸ್ಕೇಲ್ ಸಾಕು. ಅಂಕಿಗಳು ನಿಂತು ಓದುವಂತಿರುತ್ತವೆ, ಎರಡೂ ತುದಿಗೆ ಬ್ರಾಕೆಟ್ ಇರುತ್ತದೆ.

ಉದ್ದದ ವಿಷಯದಲ್ಲಿ ಜಿಪುಣತನ ಬೇಡ. "ನಾನು 50ಕ್ಕಿಂತ ದಪ್ಪದ ಹಲಗೆ ಹಾಕುವುದೇ ಇಲ್ಲ, 100ರ ಸ್ಕೇಲ್ ಸಾಕು" ಎಂದುಕೊಂಡವರು ಒಂದು ದಿನ ಬ್ಲೇಡ್ ಬದಲಿಸಲು ಹೆಡ್ಡನ್ನು (ಬ್ಲೇಡ್‌ಗಳಿರುವ ಭಾಗವನ್ನು) ಪೂರ್ತಿ ಮೇಲೆತ್ತುತ್ತಾರೆ. ಪರದೆಯಿರುವ ಜಾರುವ ಭಾಗ, ಅಂದರೆ ರೀಡರ್, ಸ್ಕೇಲಿನ ತುದಿಗೆ ಬಡಿದು ಬ್ರಾಕೆಟ್ ಬಾಗುತ್ತದೆ. ಹೆಡ್ ಅಥವಾ ಟೇಬಲ್ ಎಷ್ಟು ಚಲಿಸುತ್ತದೋ ಅದಕ್ಕಿಂತ ಸ್ಕೇಲಿನ ಓಟ (ರೀಡರ್ ಜಾರುವ ಉದ್ದ) ಹೆಚ್ಚಿರಲೇಬೇಕು. ಬೆಂಚ್ ಮೇಲಿಡುವ ಪ್ಲೇನರ್‌ಗಳಲ್ಲಿ ಗರಿಷ್ಠ ದಪ್ಪ ಸಾಮಾನ್ಯವಾಗಿ 150ರ ಸುತ್ತ ಇರುವುದರಿಂದ 200ರ ಸ್ಕೇಲ್ ತೆಗೆದುಕೊಳ್ಳಿ. ನಿಂತ ದೊಡ್ಡ ಯಂತ್ರಗಳಿಗೆ 300. ಪಟ್ಟಿಯ ಒಟ್ಟು ಉದ್ದ ಓಟಕ್ಕಿಂತ ಸಾಕಷ್ಟು ಹೆಚ್ಚಿರುತ್ತದೆ, ಹಾಗಾಗಿ ಜಾಗ ಅಳೆದು ನೋಡಿ ಕೊಳ್ಳಿ. ಅಲ್ಯೂಮಿನಿಯಂ ಪಟ್ಟಿಯದಾದರೆ ಹೆಚ್ಚಾದ ಉದ್ದವನ್ನು ಹ್ಯಾಕ್‌ಸಾದಲ್ಲಿ ಕತ್ತರಿಸಬಹುದು.

ಬೇಕೇ ಬೇಕಾದ ಗುಂಡಿಗಳು ಎರಡು: ಅಂಕಿಯನ್ನು ಏರಿಸಿ ಇಳಿಸಿ ನಮಗೆ ಬೇಕಾದಲ್ಲಿ ನಿಲ್ಲಿಸುವ ಪ್ಲಸ್-ಮೈನಸ್, ಮತ್ತು ಎಬಿಎಸ್ (ಅದು ಯಾತಕ್ಕೆಂದು ಮುಂದೆ ಹೇಳಿದ್ದೇವೆ). 'ಹೋಲ್ಡ್' ಗುಂಡಿಯಿಂದ ಪ್ಲೇನರ್‌ನಲ್ಲಿ ಯಾವ ಪ್ರಯೋಜನವೂ ಇಲ್ಲ.

ಹಳೇ ಡಿಜಿಟಲ್ ವರ್ನಿಯರ್ ಬಿದ್ದಿದೆ, ಅದನ್ನೇ ಕತ್ತರಿಸಿ ಹಾಕಬಹುದಾ?

ಹಾಕಬಹುದು, ಒಳಗಿನ ಅಳೆಯುವ ವಿಧಾನ ಒಂದೇ. 150ರ ವರ್ನಿಯರ್ ನಿಮ್ಮ ಯಂತ್ರದ ಓಟಕ್ಕೆ ಸಾಲುತ್ತದೆಯೇ ಎಂದು ಮೊದಲು ನೋಡಿ. ಸ್ಟೀಲಿನದಾದರೆ ಅದು ಗಡಸು ಉಕ್ಕು, ಹ್ಯಾಕ್‌ಸಾ ಬ್ಲೇಡಿನ ಹಲ್ಲು ಸವೆಯುತ್ತದೆಯೇ ಹೊರತು ವರ್ನಿಯರ್ ಕತ್ತರಿಸುವುದಿಲ್ಲ. ಆಂಗಲ್ ಗ್ರೈಂಡರ್‌ಗೆ 1 ಮಿ.ಮೀ. ಕಟಿಂಗ್ ಡಿಸ್ಕ್ ಹಾಕಿ ದವಡೆಗಳನ್ನು ಕತ್ತರಿಸಬೇಕು. ಕನ್ನಡಕ ಕಡ್ಡಾಯ. ಅದಕ್ಕೂ ಮೊದಲು ಪರದೆಯಿರುವ ಜಾರುವ ಭಾಗವನ್ನು ಬಿಚ್ಚಿ ಪಕ್ಕಕ್ಕಿಡಿ. ಕಬ್ಬಿಣದ ಪುಡಿ ಅದರ ಸರ್ಕ್ಯೂಟಿಗೆ ಹೋದರೆ ಅಂಕಿಗಳು ಮತ್ತೆ ನೆಟ್ಟಗಾಗುವುದಿಲ್ಲ. ಪಟ್ಟಿಯ ಮೇಲಿನ ಸ್ಟಿಕ್ಕರ್ ಅಡಿಯಲ್ಲಿ ತಾಮ್ರದ ಗೆರೆಗಳಿವೆ. ಅಳತೆ ನಡೆಯುವುದೇ ಅವುಗಳಿಂದ, ಆದ್ದರಿಂದ ಒದ್ದೆ ಬಟ್ಟೆ ಸುತ್ತಿ ತಂಪಾಗಿಟ್ಟು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಈ ಉಕ್ಕಿಗೆ ಸಾದಾ ಡ್ರಿಲ್ ಬಿಟ್ ಇಳಿಯುವುದಿಲ್ಲ. ತುದಿಯನ್ನು ಎರಡು ಅಲ್ಯೂಮಿನಿಯಂ ತುಂಡುಗಳ ನಡುವೆ ಒತ್ತಿ ಹಿಡಿಸುವುದು ಸುಲಭದ ದಾರಿ.

## ಕೂರಿಸುವಾಗ

ಎಲ್ಲಿ ಕೂರಿಸೋದು? ಎಡಕ್ಕೋ ಬಲಕ್ಕೋ?

ನಿಮ್ಮ ಯಂತ್ರದಲ್ಲಿ ಚಲಿಸುವುದು ಯಾವುದು ಎಂದು ಮೊದಲು ನೋಡಿ. ಬೆಂಚ್ ಪ್ಲೇನರ್‌ಗಳಲ್ಲಿ ಸಾಮಾನ್ಯವಾಗಿ ಕಟರ್ ಹೆಡ್ ಇಳಿಯುತ್ತದೆ, ದೊಡ್ಡ ಯಂತ್ರಗಳಲ್ಲಿ ಹೆಚ್ಚಾಗಿ ಟೇಬಲ್ ಏರುತ್ತದೆ. ಉದ್ದ ಪಟ್ಟಿ ನಿಂತಿರುವ ಭಾಗಕ್ಕೆ, ಪರದೆಯಿರುವ ರೀಡರ್ ಚಲಿಸುವ ಭಾಗಕ್ಕೆ. ತಿರುಗಾಮುರುಗಾ ಮಾಡಿ ಪಟ್ಟಿಯನ್ನು ಹೆಡ್‌ಗೆ ಕಟ್ಟಿದರೆ, ಹೆಡ್ ಇಳಿದಾಗ ಪಟ್ಟಿಯ ಕೆಳತುದಿ ಬೆಂಚಿಗೆ ಗುದ್ದುತ್ತದೆ.

ಎಡ ಬಲಕ್ಕಿಂತ ಮುಖ್ಯವಾದದ್ದು ಕಂಬದ ಹತ್ತಿರ ಇರುವುದು. ಹೊಟ್ಟು ಹೊರಬೀಳುವ ಕಡೆ ಬೇಡ. ಹ್ಯಾಂಡಲ್ ಸುತ್ತುವ ದಾರಿಯಲ್ಲಿ ಬೇಡ. ತೆಳು ತಗಡಿನ ಅಥವಾ ಪ್ಲಾಸ್ಟಿಕ್ ಕವಚದ ಮೇಲಂತೂ ಬೇಡವೇ ಬೇಡ. ಬೆರಳಲ್ಲಿ ಒತ್ತಿದರೆ ಒಳಹೋಗುವ ಜಾಗದಲ್ಲಿ ಅಳತೆ ನಿಲ್ಲುವುದಿಲ್ಲ. ಎರಕದ ಭಾಗವನ್ನೇ ಹುಡುಕಿ.

ಏನೇನು ಸಾಮಾನು ಬೇಕು, ಯಾವ ಕ್ರಮದಲ್ಲಿ ಮಾಡಬೇಕು?

ಸ್ಕೇಲ್ ಬಿಟ್ಟರೆ 25×25×3ರ ಅಲ್ಯೂಮಿನಿಯಂ ಎಲ್ ಆಂಗಲ್ (ಪಟ್ಟಿಯುದ್ದದ್ದು ಒಂದು, 60 ಮಿ.ಮೀ. ತುಂಡು ಒಂದು), 12 ಮಿ.ಮೀ. ಉದ್ದದ ಎಂ4 ಸ್ಕ್ರೂ ಅರ್ಧ ಡಜನ್, ಸ್ಪ್ರಿಂಗ್ ವಾಷರ್, ಎಂ4 ಟ್ಯಾಪ್, ಅದಕ್ಕೆ 3.3 ಮಿ.ಮೀ. ಡ್ರಿಲ್ ಬಿಟ್, ಮೂಲೆಮಟ್ಟ, ಮತ್ತು 0.3 ಮಿ.ಮೀ. ದಪ್ಪ, 12 ಅಗಲ, 50 ಉದ್ದದ ಒಂದು ಉಕ್ಕಿನ ಪಟ್ಟಿ. ಭಾರದ ಪೆಟ್ಟಿಗೆಗಳಿಗೆ ಬಿಗಿಯುವ ಪ್ಯಾಕಿಂಗ್ ಪಟ್ಟಿಯಿಂದ ಕತ್ತರಿಸಿಕೊಂಡರೂ ಆಗುತ್ತದೆ.

1. ಹೆಡ್ಡನ್ನು ಪೂರ್ತಿ ಕೆಳಕ್ಕೆ ಇಳಿಸಿ, ಆಮೇಲೆ ಪೂರ್ತಿ ಮೇಲಕ್ಕೆ ಎತ್ತಿ. ಎರಡೂ ತುದಿಯಲ್ಲಿ ರೀಡರ್ ಎಲ್ಲಿರುತ್ತದೆ ಎಂದು ಪೆನ್ಸಿಲ್ ಗುರುತು ಹಾಕಿ. ಸ್ಕೇಲಿನ ಎರಡೂ ಕೊನೆಗೆ ಕನಿಷ್ಠ 5 ಮಿ.ಮೀ. ಉಳಿಯಬೇಕು.
2. ಕೊರೆಯುವ ಜಾಗದ ಹಿಂದೆ ಏನಿದೆ ಎಂದು ಕವಚ ಬಿಚ್ಚಿ ನೋಡಿ. ಕೆಳಗಿನ ಎರಕದೊಳಗೆ ಎರಡು ಸ್ಕ್ರೂಗಳನ್ನು ಜೋಡಿಸುವ ಚೈನ್ ಇರಬಹುದು, ಮೇಲೆ ಮೋಟರಿನ ವೈರ್ ಇರುತ್ತದೆ.
3. ಉದ್ದ ಆಂಗಲ್ ಕೂರಿಸಿ, ಮೂಲೆಮಟ್ಟವನ್ನು ಪ್ಲೇನರ್ ಟೇಬಲ್ ಮೇಲಿಟ್ಟು ಎರಡು ಕಡೆಯಿಂದ ನೇರ ನೋಡಿ. ಆಂಗಲ್‌ನ ಒಂದು ತೂತನ್ನು ಉದ್ದಗಿಂಡಿ ಮಾಡಿಕೊಂಡರೆ ಸರಿಹೊಂದಿಸಲು ಜಾಗ ಸಿಗುತ್ತದೆ.
4. ಸ್ಕೇಲಿನ ಪಟ್ಟಿಯನ್ನು ಆಂಗಲ್‌ಗೆ ಬಿಗಿಯಿರಿ. ಸ್ಕ್ರೂ ಪೂರ್ತಿ ಬಿಗಿಯುವ ಮುನ್ನ ರೀಡರನ್ನು ಕೈಯಲ್ಲಿ ಮೇಲೆ ಕೆಳಗೆ ಜಾರಿಸಿ. ಎಲ್ಲೂ ತಡೆಯಬಾರದು.
5. ಕೊನೆಯಲ್ಲಿ ರೀಡರ್ ಮತ್ತು ಹೆಡ್ ನಡುವೆ ಆ ತೆಳು ಉಕ್ಕಿನ ಪಟ್ಟಿ. ಅದರ 50ರ ಉದ್ದ ಅಡ್ಡಕ್ಕೆ ಇರಲಿ, 12ರ ಅಗಲ ಮೇಲಿಂದ ಕೆಳಕ್ಕೆ ನಿಲ್ಲಲಿ. ಹೀಗೆ ನಿಲ್ಲಿಸಿದಾಗ ಪಕ್ಕಕ್ಕೆ ಬಾಗುತ್ತದೆ, ಮೇಲೆ ಕೆಳಗೆ ಬಾಗುವುದಿಲ್ಲ. ಮಲಗಿಸಿ ಹಾಕಿದರೆ ಹ್ಯಾಂಡಲ್ ತಿರುಗಿದಾಗ ಮೊದಲು ಪಟ್ಟಿ ಬಾಗಿ, ಆಮೇಲೆ ಅಂಕಿ ಬದಲಾಗುತ್ತದೆ. ಇಡೀ ಜೋಡಣೆಯಲ್ಲಿ ತುಂಬ ಜನ ತಪ್ಪುವುದು ಇಲ್ಲೇ.

ಯಂತ್ರ ನಡುಗುತ್ತದೆ. ಎಲ್ಲ ಸ್ಕ್ರೂಗೂ ಸ್ಪ್ರಿಂಗ್ ವಾಷರ್ ಇರಲಿ.

ಮಷೀನ್‌ಗೆ ತೂತು ಕೊರೆಯೋಕೆ ಮನಸ್ಸಿಲ್ಲ. ಮ್ಯಾಗ್ನೆಟ್ ಅಥವಾ ಟೇಪ್ ಸಾಕಾಗಲ್ವಾ?

ಎರಡರಲ್ಲಿ ಟೇಪ್ ಮೇಲು. ಫೋಮ್ ಇರುವ ದಪ್ಪ ಅಕ್ರಿಲಿಕ್ ಡಬಲ್ ಸೈಡ್ ಟೇಪ್ ಬಳಸಿ, ಎರಡೂ ಮುಖವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒತ್ತಿ ಅಂಟಿಸಿ, ಮೂರು ದಿನ ಯಂತ್ರ ಓಡಿಸದೆ ಬಿಡಿ. ಅಂಥ ಟೇಪಿಗೆ ಪೂರ್ತಿ ಹಿಡಿತ ಬರಲು ಅಷ್ಟು ಹೊತ್ತು ಬೇಕು. ಮ್ಯಾಗ್ನೆಟ್ ಕಬ್ಬಿಣಕ್ಕೆ ಮಾತ್ರ ಹಿಡಿಯುತ್ತದೆ, ಬೆಂಚ್ ಪ್ಲೇನರ್‌ಗಳಲ್ಲಿ ಬಹಳಷ್ಟು ಭಾಗ ಅಲ್ಯೂಮಿನಿಯಂ ಎರಕ. ಹಿಡಿದರೂ ನಡುಕಕ್ಕೆ 0.2 ಮಿ.ಮೀ. ಜಾರಿದ್ದು ನಿಮಗೆ ತಿಳಿಯುವುದೇ ಇಲ್ಲ. ಹಾಕಲೇಬೇಕೆಂದಿದ್ದರೆ ಸುತ್ತ ತೆಳುವಾಗಿ ಗೆರೆ ಎಳೆದಿಟ್ಟು ದಿನಾ ನೋಡಿಕೊಳ್ಳಿ.

ಸ್ವಲ್ಪ ವಾರೆಯಾಗಿ ಕೂತಿದೆ, ತಪ್ಪು ತೋರಿಸುತ್ತಾ?

ತೋರಿಸುತ್ತದೆ, ಆದರೆ ಹೆದರುವಷ್ಟಲ್ಲ. 100 ಮಿ.ಮೀ. ಚಲನೆಗೆ 1 ಡಿಗ್ರಿ ವಾಲಿದ್ದರೆ ತಪ್ಪು 0.015, 3 ಡಿಗ್ರಿಗೆ 0.14, 5 ಡಿಗ್ರಿಗೆ 0.38. ಮೂಲೆಮಟ್ಟ ಇಟ್ಟು ನೋಡಿದರೆ 1 ಡಿಗ್ರಿ ಒಳಗೆ ಬರುವುದು ಕಷ್ಟವಲ್ಲ. ವಾರೆಯಿಂದ ಆಗುವ ದೊಡ್ಡ ತೊಂದರೆ ಈ ಲೆಕ್ಕದ್ದಲ್ಲ, ರೀಡರ್ ಬಿಗಿಹಿಡಿಯುವುದು.

ಹ್ಯಾಂಡಲ್ ತಿರುಗಿಸ್ತೀನಿ, ಅಂಕಿ ಹಾಗೇ ನಿಂತಿರುತ್ತೆ, ಆಮೇಲೆ ದಿಢೀರ್ ಅಂತ ಹಾರುತ್ತೆ. ಸ್ಕೇಲ್ ಕೆಟ್ಟಿದೆಯಾ?

ಸ್ಕೇಲ್ ಚೆನ್ನಾಗಿಯೇ ಇದೆ, ರೀಡರ್ ಕಚ್ಚಿಕೊಂಡಿದೆ. 18.42 ಎಂದು ನಿಂತೇ ಇದ್ದು, ಕಾಲು ಸುತ್ತು ಕಳೆದ ಮೇಲೆ ಒಮ್ಮೆಲೇ ಜಿಗಿದರೆ ಪಟ್ಟಿ ಹೆಡ್‌ನ ಚಲನೆಗೆ ಸಮಾನಾಂತರವಾಗಿಲ್ಲ ಎಂದರ್ಥ. ರೀಡರಿನ ಜೋಡಣೆ ಬಿಚ್ಚಿ ಕೈಯಲ್ಲಿ ಜಾರಿಸಿ ನೋಡಿ. ಈಗ ಸರಾಗವಾಗಿದ್ದರೆ ತಪ್ಪು ಜೋಡಣೆಯದು. ಈಗಲೂ ತಡೆದರೆ ಪಟ್ಟಿಯ ಅಂಚಿಗೆ ಮರದ ಅಂಟು ಹತ್ತಿದೆ. ಅದನ್ನು ಬಟ್ಟೆಗೆ ಐಸೊಪ್ರೊಪೈಲ್ ಹಾಕಿ ಒರೆಸಿ. ಕಂಪ್ರೆಸರ್ ಗಾಳಿ ಬಿಡಬೇಡಿ, ಹೊರಗಿದ್ದ ಪುಡಿ ರೀಡರಿನೊಳಗೆ ಸೇರುತ್ತದೆ. ಎಣ್ಣೆಯೂ ಬೇಡ, ಹೊಟ್ಟು ಅದಕ್ಕೇ ಅಂಟುತ್ತದೆ.

## ಹೊಂದಿಸುವುದು, ದಿನದ ಬಳಕೆ

ಸೊನ್ನೆ ಹೇಗೆ ಹೊಂದಿಸೋದು? ಹೆಡ್ ಟೇಬಲ್‌ಗೆ ತಾಗಲ್ವಲ್ಲ?

ತಾಗಬಾರದು ಕೂಡ. ಇಲ್ಲಿ ಸೊನ್ನೆ ಹುಡುಕಬೇಕಾಗಿಲ್ಲ, ಗೊತ್ತಿರುವ ಒಂದು ದಪ್ಪವನ್ನು ಗೇಜಿಗೆ ಹೇಳಿಕೊಟ್ಟರೆ ಸಾಕು.

ಸುಮಾರು 450 ಉದ್ದ, 100 ಅಗಲದ, ಒಂದು ಮುಖ ಸಮತಟ್ಟಾದ ಒಣ ಹಲಗೆ ತೆಗೆದುಕೊಳ್ಳಿ. ಅರ್ಧ ಮಿ.ಮೀ. ತೆಗೆಯಿರಿ. ಎತ್ತರ ಮುಟ್ಟದೆ ಅದೇ ಹಲಗೆಯನ್ನು ಇನ್ನೊಮ್ಮೆ ದಾಟಿಸಿ. ವರ್ನಿಯರ್‌ನಲ್ಲಿ ನಡುವೆ ಮೂರು ಕಡೆ ಅಳೆಯಿರಿ. ಎರಡೂ ತುದಿಯಿಂದ 75 ಮಿ.ಮೀ. ಬಿಟ್ಟುಬಿಡಿ, ಅಲ್ಲಿ ಸ್ನೈಪ್ (ತುದಿಯಲ್ಲಿ ಸ್ವಲ್ಪ ಹೆಚ್ಚು ಹೆರೆದಿರುವುದು) ಇರುತ್ತದೆ. ಮೂರರ ಸರಾಸರಿ 19.36 ಬಂತು ಎನ್ನಿ. ಪ್ಲಸ್-ಮೈನಸ್ ಗುಂಡಿಯಿಂದ ಪರದೆಗೆ 19.36 ತನ್ನಿ, ಮುಗಿಯಿತು.

ಆ ಗುಂಡಿ ಇಲ್ಲದ ಸ್ಕೇಲ್ ಆದರೆ ಹೀಗೆ ಮಾಡಿ: ಹೆಡ್ ಅಲ್ಲಾಡಿಸದೆ ರೀಡರನ್ನು ಹಿಡಿದಿರುವ ಸ್ಕ್ರೂ ಸಡಿಲಿಸಿ, ರೀಡರನ್ನು 20 ಮಿ.ಮೀ.ನಷ್ಟು ಕೆಳಗೆ ಜಾರಿಸಿ ಸೊನ್ನೆ ಒತ್ತಿ. ಈಗ ಪರದೆ 19.36 ತೋರಿಸುವ ತನಕ ಮೇಲೆ ಜಾರಿಸಿ, ಅಲ್ಲೇ ಬಿಗಿಯಿರಿ. ಇದಕ್ಕಾಗಿಯೇ ಜೋಡಣೆಯಲ್ಲಿ ಉದ್ದಗಿಂಡಿ ಇಟ್ಟುಕೊಂಡಿರಬೇಕು. ಬಿಗಿಯುವಾಗ ಅಂಕಿ ಸ್ವಲ್ಪ ಸರಿಯುತ್ತದೆ, ಎರಡು ಮೂರು ಸಲ ಪ್ರಯತ್ನಿಸಬೇಕಾದೀತು.

ಕೊನೆಗೆ 10 ಮಿ.ಮೀ. ಸುತ್ತ ಒಂದು, 40ರ ಸುತ್ತ ಒಂದು ಹಲಗೆ ತೆಗೆದು ತಾಳೆ ನೋಡಿ. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಬಂದರೆ ಪಟ್ಟಿ ವಾಲಿದೆ ಅಥವಾ ರೀಡರ್ ಕಚ್ಚುತ್ತಿದೆ.

18.00 ತೋರಿಸ್ತಿದೆ, ಹಲಗೆ 18.2 ಇದೆ. ಯಾಕೆ?

ಗೇಜ್ ಅಳೆಯುವುದು ಹೆಡ್ ಎಲ್ಲಿದೆ ಎಂಬುದನ್ನು, ಮರವನ್ನಲ್ಲ. ಇದನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಹಲಗೆ ಹೋಗುವಾಗ ರೋಲರ್‌ಗಳ ಸ್ಪ್ರಿಂಗ್ ಮತ್ತು ಬ್ಲೇಡಿನ ಏಟು ಹೆಡ್ಡನ್ನು ಮೇಲಕ್ಕೆ ತಳ್ಳುತ್ತವೆ. 2 ಮಿ.ಮೀ. ಒಮ್ಮೆಗೇ ತೆಗೆದರೆ ಈ ಎತ್ತುವಿಕೆ ಹೆಚ್ಚು, 0.3 ತೆಗೆದರೆ ಕಡಿಮೆ. ಹೊಂದಿಸಿದ್ದು ಸಣ್ಣ ಕಟ್‌ನಲ್ಲಿ, ಬಳಸಿದ್ದು ದೊಡ್ಡ ಕಟ್‌ನಲ್ಲಿ ಆದರೆ ವ್ಯತ್ಯಾಸ ಬಂದೇ ಬರುತ್ತದೆ. ಕೊನೆಯ ಕಟ್ ಯಾವಾಗಲೂ 0.3ರಿಂದ 0.5ರ ಒಳಗಿರಲಿ.

ಮೊಂಡು ಬ್ಲೇಡ್ ಇನ್ನೊಂದು ಕಾರಣ. ಅದು ಮರವನ್ನು ಕತ್ತರಿಸುವ ಬದಲು ಒತ್ತುತ್ತದೆ. ಎತ್ತರ ಬದಲಿಸದೆ ಎರಡನೇ ಸಲ ದಾಟಿಸಿದಾಗ ಮತ್ತೆ ಹೊಟ್ಟು ಬಂದರೆ ಬ್ಲೇಡ್ ನೋಡಿ. ಹಲಗೆ ಬಾಗಿದ್ದರೂ ಹೀಗಾಗುತ್ತದೆ: ರೋಲರ್ ಅದನ್ನು ಚಪ್ಪಟೆಯಾಗಿ ಒತ್ತಿ ಕಳಿಸುತ್ತದೆ, ಹೊರಬಂದ ಮೇಲೆ ಮತ್ತೆ ಬಾಗುತ್ತದೆ. ವರ್ನಿಯರಿನ ದವಡೆ ಓರೆ ಹಿಡಿದರೆ ಅಳತೆಯೇ ಹೆಚ್ಚು ಬರುತ್ತದೆ, ಅದನ್ನೂ ಪರೀಕ್ಷಿಸಿ.

ಬೇಕಾದ್ದಕ್ಕಿಂತ ಒಂದು ಚೂರು ಕೆಳಗೆ ಹೋಗ್ಬಿಟ್ರೆ, ಹಿಂದಕ್ಕೆ ತಿರುಗಿಸಿದ್ರೆ ಸಾಕಲ್ವಾ?

ಸಾಕಾಗುವುದಿಲ್ಲ. ಸ್ಕ್ರೂ ಮತ್ತು ನಟ್ ನಡುವೆ ಪ್ಲೇ ಇರುತ್ತದೆ. ಒಂದು ಸುತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ, ಮತ್ತೆ ದಪ್ಪ ಕಡಿಮೆಯಾಗುವ ದಿಕ್ಕಿನಿಂದಲೇ ಅಂಕಿಗೆ ಬನ್ನಿ. ಹೆಡ್ ಇಳಿಯುವ ಯಂತ್ರವಾದರೆ ಇಳಿಸುತ್ತಾ, ಟೇಬಲ್ ಏರುವ ಯಂತ್ರವಾದರೆ ಏರಿಸುತ್ತಾ. ಹೆಡ್ ಲಾಕ್ ಇದ್ದರೆ ಹಾಕಿದ ಮೇಲೆ ಓದಿ. ಲಾಕ್ ಹಾಕುವಾಗ ಅಂಕಿ ಒಂದೆರಡು ನೂರನೇ ಭಾಗ ಸರಿಯುವುದು ಸಹಜ.

ಗೇಜ್ ಸರಿಯಾಗಿದೆ, ಆದ್ರೆ ಹಲಗೆಯ ಎಡಗಡೆ ಒಂದು ದಪ್ಪ, ಬಲಗಡೆ ಒಂದು ದಪ್ಪ.

ಗೇಜ್ ತಾನಿರುವ ಬದಿಯನ್ನಷ್ಟೇ ಬಲ್ಲದು. ಹೆಡ್ 0.05 ಡಿಗ್ರಿ ವಾಲಿದ್ದರೆ 250 ಮಿ.ಮೀ. ಆಚೆ 0.22 ವ್ಯತ್ಯಾಸವಾಗುತ್ತದೆ. ಒಂದೇ ದಪ್ಪದ ಎರಡು ಕಿರಿದಾದ ಪಟ್ಟಿಗಳನ್ನು ಟೇಬಲ್‌ನ ಎರಡು ಅಂಚಿಗೆ ಇಟ್ಟು ಒಟ್ಟಿಗೆ ದಾಟಿಸಿ, ಅಳೆಯಿರಿ. ವ್ಯತ್ಯಾಸ 0.1ಕ್ಕಿಂತ ಹೆಚ್ಚಿದ್ದರೆ ಯಂತ್ರದ ಕೈಪಿಡಿಯಂತೆ ಚೈನ್ ಅಥವಾ ಗೇರ್ ಬಿಡಿಸಿ ಒಂದು ಬದಿಯ ಸ್ಕ್ರೂ ಮಾತ್ರ ತಿರುಗಿಸಿ ಸರಿಪಡಿಸಬೇಕು. ಅದಕ್ಕೂ ಮುನ್ನ ಬ್ಲೇಡ್ ಎರಡೂ ತುದಿಗೆ ಸಮವಾಗಿ ಕೂತಿದೆಯೇ ನೋಡಿ. ಈ ಕೆಲಸ ಮುಗಿದ ಮೇಲೆಯೇ ಗೇಜ್ ಹೊಂದಿಸುವುದು.

ಎಬಿಎಸ್ ಗುಂಡಿ ಯಾತಕ್ಕೆ?

ಒಂದು ವಿಧಾನದಲ್ಲಿ ನಿಜವಾದ ದಪ್ಪ ಇಟ್ಟುಕೊಂಡು, ಇನ್ನೊಂದರಲ್ಲಿ ಬೇಕಾದಲ್ಲಿ ಸೊನ್ನೆ ಮಾಡಿಕೊಳ್ಳಲು. ಹಲಗೆಗೆ ಬ್ಲೇಡ್ ತಾಗಿದ ಕಡೆ ಸೊನ್ನೆ ಒತ್ತಿ, ಎಷ್ಟು ತೆಗೆಯುತ್ತಿದ್ದೀರಿ ಎಂದು ನೇರ ಓದಬಹುದು. ಮೂಲ ಅಳತೆ ಅಳಿಯುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ಹೊಸದಾಗಿ ಹೊಂದಿಸಬೇಕು?

ಬ್ಲೇಡ್ ಬದಲಿಸಿದಾಗ ಅಥವಾ ತಿರುಗಿಸಿ ಹಾಕಿದಾಗ, ಸೆಲ್ ತೆಗೆದಾಗ, ಯಂತ್ರ ಎತ್ತಿ ಸಾಗಿಸಿದಾಗ ಖಂಡಿತ. ಉಳಿದಂತೆ ಮುಖ್ಯ ಕೆಲಸದ ಮೊದಲ ಹಲಗೆಯನ್ನು ವರ್ನಿಯರ್‌ನಲ್ಲಿ ನೋಡಿಬಿಡಿ.

## ಸೆಲ್, ಕರೆಂಟು, ಹುಚ್ಚು ಅಂಕಿಗಳು

ಆಫ್ ಮಾಡಿಯೇ ಇಡ್ತೀನಿ, ಆದ್ರೂ ಸೆಲ್ ಬೇಗ ಖಾಲಿ ಆಗುತ್ತೆ.

ಅಗ್ಗದ ಸ್ಕೇಲ್‌ಗಳಲ್ಲಿ ಆಫ್ ಎಂದರೆ ಪರದೆ ಮಾತ್ರ ಆಫ್. ಸ್ಥಾನ ನೆನಪಿಟ್ಟುಕೊಳ್ಳಲು ಒಳಗೆ ಎಣಿಕೆ ನಡೆಯುತ್ತಲೇ ಇರುತ್ತದೆ. ಅಲ್ಕಲೈನ್ ಗುಂಡಿ ಸೆಲ್ ಎಲ್‌ಆರ್44 ಬದಲು ಸಿಲ್ವರ್ ಆಕ್ಸೈಡಿನ ಎಸ್‌ಆರ್44 ಹಾಕಿ. ಅದರ ವೋಲ್ಟೇಜ್ 1.55ರ ಹತ್ತಿರ ಕೊನೆಯವರೆಗೂ ಸಮವಾಗಿರುತ್ತದೆ. ಅಲ್ಕಲೈನ್ ಸೆಲ್‌ನದು ಮೊದಲಿನಿಂದಲೇ ಇಳಿಯುತ್ತಾ ಹೋಗುತ್ತದೆ. ಅಂಕಿಗಳು ಮಿನುಗಲು ಶುರುವಾದರೆ ಆ ಅಳತೆ ನಂಬಬೇಡಿ. 1.5 ವೋಲ್ಟಿನ ಸ್ಕೇಲ್‌ಗೆ ಹೊರಗೆ ಒಂದು ಡಬಲ್ ಎ ಅಲ್ಕಲೈನ್ ಸೆಲ್ ಕೂರಿಸಿ ಎರಡು ವೈರ್ ಎಳೆದುಕೊಂಡರೆ ಹತ್ತು ಪಟ್ಟಿಗೂ ಹೆಚ್ಚು ಕಾಲ ಬಾಳುತ್ತದೆ. ರೀಚಾರ್ಜ್ ಸೆಲ್ 1.2 ವೋಲ್ಟ್ ಮಾತ್ರ ಕೊಡುವುದರಿಂದ ಇದಕ್ಕಾಗದು.

ಮೋಟರ್ ಆನ್ ಮಾಡಿದ ತಕ್ಷಣ ಅಂಕಿಗಳು ಕುಣಿಯುತ್ತವೆ.

ಹೆಡ್ ಮುಟ್ಟದೆ ಮೋಟರ್ ಮಾತ್ರ ಓಡಿಸಿ ನೋಡಿ. 0.01, 0.02 ಅತ್ತಿತ್ತ ಆದರೆ ಅದು ನಡುಕ, ಬಿಟ್ಟುಬಿಡಿ. ಅಂಕಿ ಎಲ್ಲಿಂದ ಎಲ್ಲಿಗೋ ಹಾರಿದರೆ ಕಾರಣ ವಿದ್ಯುತ್ತಿನದು. ಬೆಂಚ್ ಪ್ಲೇನರ್‌ಗಳ ಕಾರ್ಬನ್ ಬ್ರಷ್ ಮೋಟರ್ ಕಿಡಿಯಿಂದ ಗದ್ದಲ ಎಬ್ಬಿಸುತ್ತದೆ. ಸವೆದ ಬ್ರಷ್ ಬದಲಿಸಿ. ಹೊರ ಪರದೆಯ ಕೇಬಲ್ ಇದ್ದರೆ ಮೋಟರ್ ವೈರ್‌ನಿಂದ ದೂರ ಒಯ್ಯಿರಿ. ಹೊಟ್ಟು ಎಳೆಯುವ ಪ್ಲಾಸ್ಟಿಕ್ ಪೈಪ್ ಒಣಹವೆಯಲ್ಲಿ ಸ್ಥಿರವಿದ್ಯುತ್ ಕೂಡಿಸಿಕೊಂಡು ಚಟ್ಟನೆ ಸ್ಕೇಲಿಗೆ ಬಿಡುತ್ತದೆ, ಪರದೆ ಸೊನ್ನೆಗೆ ಬಂದುಬಿಡುತ್ತದೆ. ಪೈಪ್ ಸ್ಕೇಲಿಗೆ ತಾಗದಂತೆ ಕಟ್ಟಿ, ಸ್ಕೇಲಿನ ಲೋಹದ ಪಟ್ಟಿಯಿಂದ ಅರ್ತ್ ಆಗಿರುವ ಯಂತ್ರದ ದೇಹಕ್ಕೆ ಒಂದು ವೈರ್ ಹಾಕಿ.

ಸ್ಕೇಲ್‌ನಲ್ಲಿ ಯುಎಸ್‌ಬಿ ತೂತು ಇದೆ. ಮೊಬೈಲ್ ಚಾರ್ಜರ್ ಚುಚ್ಚಬಹುದಾ?

ಬೇಡ. ಅಗ್ಗದ ಸ್ಕೇಲ್‌ಗಳಲ್ಲಿ ಅದರ ಆಕಾರ ಮಾತ್ರ ಯುಎಸ್‌ಬಿ, ಒಳಗಿರುವುದು ಹೊರ ಪರದೆಗೆ ಅಂಕಿ ಕಳಿಸುವ ತಂತಿಗಳು. 1.5 ಅಥವಾ 3 ವೋಲ್ಟಿನ ಚಿಪ್‌ಗೆ 5 ವೋಲ್ಟ್ ಹೋದರೆ ಅದು ಸುಟ್ಟುಹೋಗಬಹುದು.

ಸೆಲ್ಲೇ ಬೇಡ, ಅಡಾಪ್ಟರಿನಿಂದ ಕರೆಂಟ್ ಕೊಡೋದು ಹೇಗೆ?

5 ವೋಲ್ಟ್ ಅಡಾಪ್ಟರ್‌ಗೆ ಎಲ್‌ಎಂ317 ರೆಗ್ಯುಲೇಟರ್ ಹಾಕಿ. ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 120 ಓಮ್, ಅಡ್ಜಸ್ಟ್‌ನಿಂದ ನೆಗೆಟಿವ್‌ಗೆ 24 ಓಮ್ ಇಟ್ಟರೆ 1.5 ವೋಲ್ಟ್ ಬರುತ್ತದೆ. 240 ಓಮ್ ಹಾಕುವ ಅಭ್ಯಾಸ ಇಲ್ಲಿ ಬೇಡ. ಸ್ಕೇಲ್ ಎಳೆಯುವ ಕರೆಂಟು ತೀರಾ ಕಡಿಮೆ, ರೆಗ್ಯುಲೇಟರ್ ಸ್ಥಿರವಾಗಿರಲು ಬೇಕಾದ ಸುಮಾರು 10 ಮಿಲಿಆಂಪ್ ಆ 120 ಓಮ್‌ನಿಂದಲೇ ಹರಿಯಬೇಕು. ಇನ್‌ಪುಟ್‌ಗೆ 0.1, ಔಟ್‌ಪುಟ್‌ಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ. ಜೋಡಿಸುವ ಮೊದಲು ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ.

ಇನ್ನೊಂದು ಎಚ್ಚರಿಕೆ: ಇಂಥ ಬಹುಪಾಲು ಸ್ಕೇಲ್‌ಗಳಲ್ಲಿ ಲೋಹದ ದೇಹಕ್ಕೆ ಸೇರಿರುವುದು ಪಾಸಿಟಿವ್. ಅಡಾಪ್ಟರಿನ ನೆಗೆಟಿವ್ ಯಂತ್ರದ ದೇಹಕ್ಕೆ ಎಲ್ಲಾದರೂ ಸೇರಿದ್ದರೆ, ಪಟ್ಟಿ ಬಿಗಿದ ಕ್ಷಣವೇ ಶಾರ್ಟ್ ಆಗುತ್ತದೆ. ಸೆಲ್ ತೆಗೆದು, ದೇಹಕ್ಕೂ ಸೆಲ್‌ನ ಎರಡು ತಗಡುಗಳಿಗೂ ಮಲ್ಟಿಮೀಟರ್ ಹಚ್ಚಿ ಯಾವುದು ಸೇರಿದೆ ಎಂದು ನೋಡಿ. ಪಾಸಿಟಿವ್ ಎಂದು ಬಂದರೆ ಅರ್ತ್‌ಗೆ ಸೇರದ ಪ್ರತ್ಯೇಕ ಅಡಾಪ್ಟರ್ ಬಳಸಿ, ಅಥವಾ ಸ್ಕೇಲ್ ಮತ್ತು ಆಂಗಲ್ ನಡುವೆ ನೈಲಾನ್ ವಾಷರ್, ನೈಲಾನ್ ಸ್ಕ್ರೂ ಹಾಕಿ.